ಮುರಕಲ್ಲು ನೆಲದಲ್ಲಿ ಮಲ್ಲಿಗೆ ಮತ್ತು ಅಬ್ಬಲಿಗೆ

ಜಾಲಿನ, ಅಂದರೆ ಅಂಗಳದ, ಕರೆಯಲ್ಲಿ ಒಂದು ಮಲ್ಲಿಗೆ ಗಿಡ, ಅದರ ಬುಡದಲ್ಲೇ ನಾಲ್ಕು ಅಬ್ಬಲಿಗೆ (ಘಟ್ಟದ ಮೇಲಿನವರ ಕನಕಾಂಬರ). ಕಾಸರಗೋಡಿನ ಕಡೆ ಎಷ್ಟೋ ಮನೆಗಳಲ್ಲಿ ಇವನ್ನು ಹೀಗೇ ನೆಡುತ್ತಾರೆ. ಒಂದೇ ಮಾಲೆಯಲ್ಲಿ ಕಟ್ಟುವ ಹೂಗಳಾದ್ದರಿಂದ ಒಂದೇ ಕಡೆ ಇದ್ದರೆ ನೀರು ಹಾಕುವುದಕ್ಕೂ ಕೊಯ್ಯುವುದಕ್ಕೂ ಸುಲಭ ಎಂಬ ಲೆಕ್ಕಾಚಾರ. ಆದರೆ ಮಲ್ಲಿಗೆ ಬಿಸಿಲಿನ ಗಿಡ. ವರ್ಷಕ್ಕೊಮ್ಮೆ ಗೆಲ್ಲು (ಕೊಂಬೆ) ಕತ್ತರಿಸಿ ಸವರದಿದ್ದರೆ ಬರೀ ಎಲೆ ತುಂಬಿಕೊಳ್ಳುತ್ತದೆ, ಬೇಸಿಗೆಯಲ್ಲಿ ಧಾರಾಳ ನೀರು ಕೇಳುತ್ತದೆ. ಅಬ್ಬಲಿಗೆಗೆ ಅರೆನೆರಳು ಸಾಕು, ಕತ್ತರಿಯ ಕೆಲಸ ಕಡಿಮೆ, ಬುಡ ಸದಾ ಹಸಿಯಾಗಿದ್ದರೆ ಬೇರು ಕೊಳೆಯುತ್ತದೆ. ಮಲ್ಲಿಗೆಗೆಂದು ಹೊಯ್ದ ನೀರು ಅಬ್ಬಲಿಗೆಯನ್ನು ಕೊಲ್ಲುತ್ತದೆ. ಅದಕ್ಕಾಗಿ ನಾನು ಎರಡಕ್ಕೂ ಬೇರೆ ಬೇರೆ ಜಾಗ ಮಾಡಿದ್ದೇನೆ.

ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮುರಮಣ್ಣು, ಅಂದರೆ ಕೆಂಪು ಜಂಬಿಟ್ಟಿಗೆ ಮಣ್ಣು, ಹುಳಿ ಗುಣದ್ದು. ಮೇಲ್ಮಣ್ಣು ಒಂದು ಅಡಿ ಇದ್ದು ಕೆಳಗೆ ಗಟ್ಟಿ ಮುರ ಸಿಕ್ಕಿದರೆ, ತೋಡಿದ ಗುಂಡಿ ಮಳೆಗಾಲದಲ್ಲಿ ತೊಟ್ಟಿಯಾಗುತ್ತದೆ. ಗುಂಡಿ ತೋಡಿದ ಕೂಡಲೇ ಒಂದು ಕೊಡಪಾನ ನೀರು ಹೊಯ್ದು ನೋಡಬೇಕು. ಅರ್ಧ ದಿನ ಕಳೆದರೂ ನೀರು ನಿಂತಿದ್ದರೆ ಅಲ್ಲಿ ಗುಂಡಿಯಲ್ಲಿ ನೆಡುವುದು ಬೇಡ. ಕಲ್ಲು ಕಟ್ಟಿ, ಮಣ್ಣು ಏರಿಸಿ, ಕಟ್ಟೆಯ ಮೇಲೆ ನೆಡಬೇಕು.

ಮಲ್ಲಿಗೆಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಗಿಡದಿಂದ ಗಿಡಕ್ಕೆ ನಾಲ್ಕರಿಂದ ಐದು ಅಡಿ. ತೆಗೆದ ಮಣ್ಣಿಗೆ 200 ಗ್ರಾಂ ಸುಣ್ಣ ಬೆರೆಸಿ ಎರಡು ವಾರ ಬಿಟ್ಟು, ಆಮೇಲೆ ಹಟ್ಟಿಗೊಬ್ಬರ ಸೇರಿಸುತ್ತೇನೆ. ಸುಣ್ಣ, ಗೊಬ್ಬರ ಎರಡನ್ನೂ ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಒಂದು ಬುಟ್ಟಿ ಮೇಲ್ಮಣ್ಣಿಗೆ ಒಂದು ಬುಟ್ಟಿ ಒಣ ಹಟ್ಟಿಗೊಬ್ಬರ, ಅರ್ಧ ಬುಟ್ಟಿ ಮರಳು, 200 ಗ್ರಾಂ ಬೇವಿನ ಹಿಂಡಿ. ಸುಡುಮಣ್ಣು (ಕಸಕಡ್ಡಿಯೊಂದಿಗೆ ಸುಟ್ಟ ಮಣ್ಣು) ಇದ್ದರೆ ಮರಳಿನ ಬದಲು ಅದನ್ನೇ ಹಾಕಬಹುದು. ನೀರು ಚೆನ್ನಾಗಿ ಬಸಿಯುತ್ತದೆ, ಪೊಟ್ಯಾಶ್ ಕೂಡ ಸಿಗುತ್ತದೆ. ಗಿಡ ಮಾಡಲು ತೀರ ಎಳೆಯದೂ ಅಲ್ಲದ, ಬಲಿತು ಬೆಳ್ಳಗಾದದ್ದೂ ಅಲ್ಲದ ಗೆಲ್ಲನ್ನು ಆರೇಳು ಇಂಚು ಉದ್ದಕ್ಕೆ, ಮೂರು ನಾಲ್ಕು ಗಂಟು ಇರುವಂತೆ ಕತ್ತರಿಸಿ, ಮಣ್ಣು ತುಂಬಿದ ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಎರಡು ಗಂಟು ಒಳಗೆ ಹೋಗುವಂತೆ ಊರಬೇಕು. ಮಳೆಗಾಲದ ತೇವದಲ್ಲಿ ಬೇರು ಬೇಗ ಹಿಡಿಯುತ್ತದೆ, ಆದರೆ ತೊಟ್ಟೆಯ ಮೇಲೆ ಮಳೆ ನೇರವಾಗಿ ಹೊಡೆಯದಂತೆ ಮಾಡಿನ ಕೆಳಗೆ ಇಡಬೇಕು.

ಮಲ್ಲಿಗೆಯಲ್ಲಿ ನಿಜವಾದ ಕೆಲಸವೆಂದರೆ ಸವರುವುದು. ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ ಮಾತ್ರ. ಹಳೆ ಗೆಲ್ಲು ಎಷ್ಟೇ ದಪ್ಪವಾಗಿ, ಹಸಿರಾಗಿದ್ದರೂ ಅದರಲ್ಲಿ ಹೂ ಇಲ್ಲ. ತುಲಾ ತಿಂಗಳ ಗುಡುಗು ಮಳೆ ಮುಗಿಯುತ್ತಾ ಬಂದಾಗ, ನವೆಂಬರ್ ಹೊತ್ತಿಗೆ, ಹತ್ತು ಹದಿನೈದು ದಿನ ನೀರು ನಿಲ್ಲಿಸಿ, ಇಡೀ ಗಿಡವನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸುತ್ತೇನೆ. ಒಣಗಿದ ಗೆಲ್ಲು, ಒಳಗೆ ಅಡ್ಡಾದಿಡ್ಡಿ ಬೆಳೆದದ್ದು, ನೆಲಕ್ಕೆ ತಾಗಿದ್ದು ಬುಡದಿಂದಲೇ ಹೋಗಬೇಕು. ಗಂಟಿನಿಂದ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿದರೆ ನೀರು ನಿಲ್ಲದು. ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತು, ಸುಣ್ಣ ಸೇರಿಸಿದ ಶಿಲೀಂಧ್ರದ ಮದ್ದು) ಹಚ್ಚಬೇಕು. ಉಳಿದ ಎಲೆಗಳನ್ನೂ ಕೈಯಿಂದ ಉದುರಿಸಿಬಿಡುತ್ತೇನೆ. ಬೋಳು ಗಿಡ ಕಂಡು ಮನೆಯವರಿಗೆ ಹೊಟ್ಟೆ ಉರಿಯಬಹುದು, ಆದರೆ ಈ ಕೆಲಸದಲ್ಲಿ ಕನಿಕರ ತೋರಿದರೆ ಮಾರ್ಚ್‌ನಲ್ಲಿ ಹೂವಿಲ್ಲ. ಕತ್ತರಿಸಿದ ಮೇಲೆ ಗೊಬ್ಬರ ಹಾಕಿ ನೀರು ಕೊಟ್ಟರೆ ಒಂದೂವರೆ, ಎರಡು ತಿಂಗಳಲ್ಲಿ ಮೊಗ್ಗು ಶುರು.

ಬೆಳೆದ ಗಿಡವೊಂದಕ್ಕೆ ವರ್ಷಕ್ಕೆ 10 ಕಿಲೋ ಹಟ್ಟಿಗೊಬ್ಬರ, 130 ಗ್ರಾಂ ಯೂರಿಯಾ, 600 ಗ್ರಾಂ ಶಿಲಾರಂಜಕ (ರಾಕ್ ಫಾಸ್ಫೇಟ್), 200 ಗ್ರಾಂ ಪೊಟ್ಯಾಶ್. ಶಿಲಾರಂಜಕ ನಮ್ಮ ಹುಳಿ ಮಣ್ಣಿನಲ್ಲಿ ಚೆನ್ನಾಗಿ ಕರಗುವುದರಿಂದ ದುಬಾರಿ ಸೂಪರ್‌ಫಾಸ್ಫೇಟ್ ಬೇಕಾಗಿಲ್ಲ. ಹಟ್ಟಿಗೊಬ್ಬರವನ್ನು ಸವರಿದ ಕೂಡಲೇ, ಉಳಿದವನ್ನು ಎರಡು ಪಾಲು ಮಾಡಿ ಅರ್ಧ ಆಗಲೇ, ಇನ್ನರ್ಧ ಜೋರು ಮಳೆ ಹಿಡಿಯುವ ಮೊದಲು. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಹಾಕಿದ ಗೊಬ್ಬರ ನೇರ ತೋಡಿಗೆ. ಹೂವಿನ ಸುಗ್ಗಿ ಮಾರ್ಚ್‌ನಿಂದ ಮೇ, ಬಾವಿ ತಳ ಕಾಣುವುದೂ ಆಗಲೇ. ಬುಡಕ್ಕೆ ಅರ್ಧ ಅಡಿ ದಪ್ಪ ತರಗೆಲೆ ಅಥವಾ ಅಡಿಕೆ ಸೋಗೆ ಹೊದೆಸಿದರೆ ಎರಡು ದಿನಕ್ಕೊಮ್ಮೆ ಹತ್ತು ಲೀಟರ್ ಸಾಕಾಗುತ್ತದೆ. ಹೊದಿಕೆ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಬೇಕು.

ಅಬ್ಬಲಿಗೆ ಕತ್ತರಿಯ ಗಿಡವಲ್ಲ. ಇದರ ಸೋಲು ಗೆಲುವು ಬೇರಿನಲ್ಲಿ. ಬಲಿತ ತೆನೆಯ ಕಾಯಿಗೆ ನೀರು ತಾಗಿದರೆ ಪಟ್ಟೆಂದು ಸಿಡಿದು ಬೀಜ ದೂರ ಹಾರುತ್ತದೆ. ಹಾಗಾಗಿ ಬೀಜಕ್ಕೆ ಬೇಕಾದ ತೆನೆಗಳು ಕಂದು ಬಣ್ಣಕ್ಕೆ ತಿರುಗಿದಾಗಲೇ ಕೊಯ್ದು, ಮುಚ್ಚಳದ ಡಬ್ಬಿಯಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿಡುತ್ತೇನೆ. ಒಳಗೇ ಸಿಡಿದು ಬೀಜ ತಳಕ್ಕೆ ಬೀಳುತ್ತದೆ. ಹೊಸ ಬೀಜವೇ ಆಗಬೇಕು, ಹಳತಾದಷ್ಟು ಮೊಳಕೆ ಕಡಿಮೆ. ಮರಳು, ಸೋಸಿದ ಗೊಬ್ಬರ ಸಮ ಬೆರೆಸಿದ ಟ್ರೇಯಲ್ಲಿ ಬಿತ್ತಿ ಮೇಲೆ ತೆಳ್ಳಗೆ ಮರಳು ಉದುರಿಸಿದರೆ ಎರಡು ಮೂರು ವಾರಕ್ಕೆ ಮೊಳಕೆ. ‘ಡೆಲ್ಲಿ’ ಎಂದು ನರ್ಸರಿಗಳಲ್ಲಿ ಸಿಗುವ ದಟ್ಟ ಕಿತ್ತಳೆ ಬಣ್ಣದ ತಳಿ ಬೀಜ ಕಟ್ಟುವುದಿಲ್ಲ, ಅದನ್ನು ಗೆಲ್ಲಿನಿಂದಲೇ ಮಾಡಬೇಕು. ಹೂ ದೊಡ್ಡದು, ಬಣ್ಣ ಚಂದ, ಆದರೆ ಸೊರಗು ರೋಗಕ್ಕೆ ಬೇಗ ಬಲಿಯಾಗುತ್ತದೆ.

ಮಳೆಗಾಲದ ಆರಂಭದಲ್ಲಿ ಅಬ್ಬಲಿಗೆ ನೆಡುವುದು ನಮ್ಮಲ್ಲಿ ರೂಢಿ. ನಾನು ಅದಕ್ಕೆ ಒಪ್ಪುವುದಿಲ್ಲ. ಎಳೆ ಬೇರು ನಾಲ್ಕು ತಿಂಗಳು ಕೆಸರಿನಲ್ಲಿ ಕೂತರೆ ಬೇರಿಗೆ ಬೀಳುವ ಜಂತುಹುಳು (ನೆಮಟೋಡ್), ಸೊರಗು ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಎರಡೂ ಸೇರಿಕೊಳ್ಳುತ್ತವೆ. ಆಗಸ್ಟ್ ಕೊನೆಗೆ ಮಾಡಿನ ಕೆಳಗೆ ಬಿತ್ತಿ, ನಾಲ್ಕೈದು ಜೊತೆ ಎಲೆ ಬಂದ ಸಸಿಯನ್ನು ಮಳೆ ಕಡಿಮೆಯಾದ ಮೇಲೆ ನೆಡುವುದು ಕ್ಷೇಮ. ಮುಕ್ಕಾಲು ಅಡಿ ಎತ್ತರದ ಏರು, ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ, ನಡುವೆ ನೀರು ಹೋಗಲು ಕಣಿ. ಮನೆಯ ಮೂಡು ಬದಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಒಳ್ಳೆಯದು. ಅಡಿಕೆ ತೋಟದೊಳಗೆ ನೆರಳಿದೆ ಎಂದು ಅಲ್ಲಿ ನೆಡಬಾರದು: ಸದಾ ತೇವ, ಜೊತೆಗೆ ಮದ್ದು ಬಿಡುವಾಗ ಬೋರ್ಡೋ ತೊಟ್ಟಿಕ್ಕಿ ಎಲೆ, ಹೂ ಎಲ್ಲ ನೀಲಿ ಕಲೆ.

ಏರಿಗೆ ಹಾಕುವ ಗೊಬ್ಬರವನ್ನು ಮೊದಲೇ ತಯಾರಿಸಿಡುತ್ತೇನೆ: 90 ಕಿಲೋ ಹುಡಿ ಹಟ್ಟಿಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1 ಕಿಲೋ ಟ್ರೈಕೊಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಹುಡಿ); ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿ ಎರಡು ವಾರ. ನಾಲ್ಕು ಗಿಡದವರು ಹತ್ತನೇ ಒಂದು ಪಾಲು ಮಾಡಿಕೊಂಡರಾಯಿತು. ಇದನ್ನು ಹಾಕಿದ ಬುಡಕ್ಕೆ ಬೋರ್ಡೋ ಅಥವಾ ಬೇರೆ ತಾಮ್ರದ ಮದ್ದು ಹೊಯ್ಯಬಾರದು, ಒಳ್ಳೆಯ ಶಿಲೀಂಧ್ರವೂ ಸಾಯುತ್ತದೆ.

ಗಿಡ ಬಾಡಿದಾಗ ಮೊದಲು ಮಣ್ಣು ಮುಟ್ಟಿ ನೋಡಬೇಕು. ಮಣ್ಣು ಒಣಗಿ ಗಿಡ ಬಾಡಿದ್ದರೆ ನೀರು ಕೊಟ್ಟ ಸಂಜೆಗೇ ಚೇತರಿಸುತ್ತದೆ. ಮಣ್ಣು ಹಸಿಯಾಗಿದ್ದೂ ಅಬ್ಬಲಿಗೆ ಬಾಡಿದೆ ಎಂದರೆ ಕಿತ್ತು ಬೇರು ನೋಡಿ. ಕಪ್ಪು ಗೆರೆಗಳಿದ್ದರೆ ಆ ಗಿಡವನ್ನು ಸುಟ್ಟು, ಆ ಏರಿನಲ್ಲಿ ಮತ್ತೆ ಅಬ್ಬಲಿಗೆ ನೆಡದೆ ಚೆಂಡುಹೂ ಹಾಕುವುದು ಮೇಲು, ಅದರ ಬೇರು ಜಂತುಹುಳುವನ್ನು ಕುಗ್ಗಿಸುತ್ತದೆ. ಮಲ್ಲಿಗೆಯ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ, ಸಾಮಾನ್ಯವಾಗಿ ಸುಣ್ಣ ಹೆಚ್ಚಾದದ್ದರಿಂದ ಅಥವಾ ನೀರು ನಿಂತದ್ದರಿಂದ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸಬಹುದು, ಕಾರಣ ಸರಿಪಡಿಸದೆ ಅದು ನಿಲ್ಲದು. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರಿದರೆ ಬಿಡಿಸಿ ನೋಡಬೇಕು. ಒಳಗೆ ತೂತು, ಹಿಕ್ಕೆ ಇದ್ದರೆ ಮೊಗ್ಗುಹುಳು. ಬುಡ ಉಬ್ಬಿ ಒಳಗೆ ಸಣ್ಣ ಮರಿಹುಳು ಇದ್ದರೆ ಮೊಗ್ಗಿನ ನೊಣ. ನೊಣದ ಕೋಶ ಮಣ್ಣಿನಲ್ಲಿ ಇರುವುದರಿಂದ ಬುಡ ಕೆರೆದು 250 ಗ್ರಾಂ ಬೇವಿನ ಹಿಂಡಿ ಸೇರಿಸಬೇಕು. ಎರಡಕ್ಕೂ ಹಾಳಾದ ಮೊಗ್ಗು ಆರಿಸಿ ಸುಡುವುದು, ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಗೆ ಸ್ವಲ್ಪ ಸಾಬೂನು ಬೆರೆಸಿ ಸಂಜೆ ಹೊಡೆಯುವುದು ಉಪಕಾರಿ.

ಕೊಯ್ಲಿನಲ್ಲೂ ವ್ಯತ್ಯಾಸವಿದೆ. ಮಲ್ಲಿಗೆಯನ್ನು ಪ್ರತಿದಿನ, ಬಿಸಿಲೇರುವ ಮೊದಲು, ಬೆಳ್ಳಗೆ ತುಂಬಿದ್ದು ಅರಳದ ಮೊಗ್ಗಾಗಿರುವಾಗ ಕೊಯ್ಯಬೇಕು. ಹಸಿರು ಛಾಯೆ ಇರುವುದು ಮರುದಿನಕ್ಕೆ. ಅಬ್ಬಲಿಗೆ ತೆನೆಯ ಬುಡದಿಂದ ತುದಿಗೆ ಅರಳುತ್ತಾ ಹೋಗುವುದರಿಂದ ದಿನ ಬಿಟ್ಟು ದಿನ, ಇಬ್ಬನಿ ಆರಿದ ಮೇಲೆ ಅರಳಿದ ಹೂವನ್ನೇ ಬಿಡಿಸಬೇಕು. ಒದ್ದೆ ಹೂ ಬೇಗ ಕೊಳೆಯುತ್ತದೆ. ಅರಳಿ ಮುಗಿದ ತೆನೆಗಳನ್ನು, ಬೀಜಕ್ಕೆ ಬೇಕಾದವನ್ನು ಬಿಟ್ಟು, ಚಿವುಟಿದರೆ ಹೊಸ ತೆನೆ ಬೇಗ ಬರುತ್ತದೆ. ಮಲ್ಲಿಗೆಯನ್ನು ಮಾರುವವರಿಗೆ ಲೆಕ್ಕ ಚೆಂಡು, ಅಟ್ಟೆಯಲ್ಲಿ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರನ್ನು ನೆನೆಸಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಕಳಿಸಬೇಕು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆವರಿ ಮಧ್ಯಾಹ್ನಕ್ಕೇ ಕಂದುತ್ತದೆ.