ಕುದ್ರುವಿನ ವಸ್ತುಸಂಗ್ರಹಾಲಯದಲ್ಲಿ ದಾಖಲೆ ಪುಸ್ತಕ ಕಲಿಸಿದ್ದು

ನದಿಯ ನಡುಗಡ್ಡೆಗೆ ನಮ್ಮ ಕರಾವಳಿಯಲ್ಲಿ ಕುದ್ರು ಎಂದು ಹೆಸರು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕುಂದಾಪುರ ಮತ್ತು ಗಂಗೊಳ್ಳಿಯ ನಡುವೆ ಕಡಲು ಸೇರುವ ಪಂಚಗಂಗಾವಳಿಯಲ್ಲಿ ಇಂಥ ಕುದ್ರುಗಳು ಹಲವಿವೆ. ಅವುಗಳಲ್ಲೊಂದರಲ್ಲಿ, ಮಕ್ಕಳಿಲ್ಲದೆ ಮುಚ್ಚಿಹೋಗಿದ್ದ ಶಾಲೆಯ ಎರಡು ಕೋಣೆಗಳಲ್ಲಿ, ನಾವು ಕೆಲವರು ಸೇರಿ ಊರಿನ ಹಳೆಯ ವಸ್ತುಗಳನ್ನು ಇರಿಸಿದ್ದೇವೆ. ನಾನು ಮಾಸ್ತರಿಕೆ ಮಾಡಿ ನಿವೃತ್ತನಾದವನೇ ಹೊರತು ಸಂಗ್ರಹಾಲಯದ ತರಬೇತಿ ಪಡೆದವನಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ಕೆಡಿಸಿ ಕಲಿತದ್ದು.

ಮೊದಲ ವರ್ಷ ಮನೆಮನೆ ತಿರುಗಿ, ಅಟ್ಟ ಹತ್ತಿ, ಕೊಟ್ಟದ್ದನ್ನೆಲ್ಲ ದೋಣಿಗೆ ಹಾಕಿಕೊಂಡು ಬಂದೆವು. "ಒಲಿಗ್ ಹಾಕುಕ್ ಇಟ್ಟದ್ ಮಾಷ್ಟ್ರೆ, ನಿಮ್ಗ್ ಎಂತಕ್ಕೆ?" ಎಂದು ನಗುತ್ತಲೇ ಕೊಟ್ಟರು. ಯಾವುದು ಯಾರ ಮನೆಯದು ಎಂಬುದು ನನ್ನ ನೆನಪಿನಲ್ಲಿತ್ತು, ಬರೆದಿಡುವ ಅಗತ್ಯ ಕಾಣಲಿಲ್ಲ. ಮಳೆಗಾಲ ಕಳೆದು ಬಾಗಿಲು ತೆರೆದಾಗ ಕಪಾಟಿನಲ್ಲಿ ಮೂರು ಸೇರುಗಳು ಸಾಲಾಗಿ ಕುಳಿತಿದ್ದವು. ಯಾವುದು ಎಲ್ಲಿಂದ ಬಂತೆಂದು ಹೇಳಲು ನನಗಾಗಲಿಲ್ಲ. ಕುತೂಹಲಕ್ಕೆ ಮೂರಕ್ಕೂ ಅಕ್ಕಿ ತುಂಬಿ ಅಳೆದಾಗ ಒಂದು ಹೆಚ್ಚು ಹಿಡಿಯಿತು, ಒಂದು ಕಡಿಮೆ. ಗೇಣಿ ತೆಗೆದುಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದ್ದೆ. 1974ರ ಭೂಸುಧಾರಣೆಯ ತಿದ್ದುಪಡಿಯೊಂದಿಗೆ ಮುಗಿದ ಆ ವ್ಯವಸ್ಥೆಯ ಸಾಕ್ಷಿ ಕೈಯಲ್ಲೇ ಇದ್ದರೂ ಅದು ಯಾರ ಮನೆಯದೆಂದು ಗೊತ್ತಿಲ್ಲದೆ ಬರೀ ಪಾತ್ರೆಯಾಗಿಬಿಟ್ಟಿತ್ತು.

ಅಂದಿನಿಂದ ಪುಸ್ತಕದಲ್ಲಿ ಬರೆಯದೆ ಯಾವ ವಸ್ತುವನ್ನೂ ಹೊಸ್ತಿಲು ದಾಟಿಸುವುದಿಲ್ಲ. ವರ್ಷ, ಚುಕ್ಕಿ, ಕ್ರಮಸಂಖ್ಯೆ, ಕೊಟ್ಟವರ ಹೆಸರು, ಅವರ ಮನೆಯಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದು ಅವರದೇ ಮಾತಿನಲ್ಲಿ. ಒಂದೇ ಕುದ್ರುವಿನಲ್ಲಿ ಕುಂದಗನ್ನಡದವರೂ ಕೊಂಕಣಿಯವರೂ ಇರುವಾಗ ಒಂದೇ ಬುಟ್ಟಿಗೆ ಎರಡು ಹೆಸರು ಸಿಗುವುದುಂಟು, ಎರಡನ್ನೂ ಬರೆಯುತ್ತೇವೆ. ಸಂಖ್ಯೆಯನ್ನು ವಸ್ತುವಿನ ಮೇಲೆ ಬರೆಯುವುದಕ್ಕೂ ಒಂದು ಕ್ರಮವಿದೆ. ಮರ, ಲೋಹಗಳಿಗೆ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಎಂಬ ಅಂಟನ್ನು ಕಾಣದ ಮೂಲೆಯಲ್ಲಿ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಶಾಯಿಯಲ್ಲಿ ಬರೆದು, ಮತ್ತೊಮ್ಮೆ ಹಚ್ಚಬೇಕು. ಬೇಕೆಂದಾಗ ಇದನ್ನು ಅಸಿಟೋನಿನಿಂದಲೇ ತೆಗೆಯಬಹುದು. ಬಟ್ಟೆಗೆ ಸಂಖ್ಯೆ ಬರೆದ ಪಟ್ಟಿಯನ್ನು ಹೊಲಿಯುತ್ತೇವೆ. ಕಾಗದಕ್ಕೆ ಪೆನ್ಸಿಲ್ ಮಾತ್ರ.

ಸಂಘವನ್ನು ನೋಂದಾಯಿಸುವುದು ಅಷ್ಟು ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಏಳು ಮಂದಿ ಇದ್ದರೆ ಸಾಕು. ಕಷ್ಟವಾದದ್ದು ದಾನಪತ್ರ. ಒಬ್ಬ ಅಣ್ಣ ಸಂತೋಷದಿಂದ ಕೊಟ್ಟ ಹಿತ್ತಾಳೆಯ ಕಾಲುದೀಪವನ್ನು, ಮುಂಬೈಯಿಂದ ರಜೆಗೆ ಬಂದ ತಮ್ಮ ನೋಡಿ, ಯಾರನ್ನು ಕೇಳಿ ತಂದಿರಿ ಎಂದು ಎಲ್ಲರೆದುರು ಕೇಳಿದರು. ಅವರ ಪ್ರಶ್ನೆ ತಪ್ಪಲ್ಲ. ದೀಪವನ್ನು ಅಂದೇ ಹಿಂದಿರುಗಿಸಿದೆವು. ಈಗ ಮನೆಯ ಎಲ್ಲ ಹಕ್ಕುದಾರರ ಸಹಿ ಇಲ್ಲದೆ ಬೆಲೆಬಾಳುವ ವಸ್ತುವನ್ನು ತೆಗೆದುಕೊಳ್ಳುವುದಿಲ್ಲ, ದಾನವೋ ಎರವಲೋ ಎಂಬುದನ್ನು ಸ್ಪಷ್ಟವಾಗಿ ಬರೆಸಿಕೊಳ್ಳುತ್ತೇವೆ. ಶಾಸನ, ವೀರಗಲ್ಲುಗಳನ್ನಂತೂ ಇದ್ದಲ್ಲಿಂದ ಅಲುಗಿಸುವುದಿಲ್ಲ. 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಯೂ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ಪುರಾವಸ್ತುವಾಗುವುದರಿಂದ ತಾಳೆಗರಿಯ ಕಟ್ಟು ಬಂದರೆ ಮೊದಲು ಪುರಾತತ್ವ ಇಲಾಖೆಯವರನ್ನು ಕೇಳುತ್ತೇವೆ.

ಬಿದ್ದ ಮನೆಯೊಂದರ ಮಾಡಿನಿಂದ ಬಂದ ಬಾಸೆಲ್ ಮಿಷನ್ನಿನ ಹಂಚಿನ ಮೇಲೆ 1865 ಎಂದು ಅಚ್ಚಿದೆ. ನೋಡಲು ಬಂದವರೆಲ್ಲ, ಮೊದಮೊದಲು ನಾನೂ, ಅದನ್ನು ಹಂಚು ತಯಾರಾದ ವರ್ಷವೆಂದೇ ಭಾವಿಸಿದ್ದೆವು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ ಕಾರ್ಖಾನೆ ಆರಂಭವಾದ ವರ್ಷ. ಮುಂದೆ ಎಷ್ಟೋ ವರ್ಷಗಳವರೆಗೆ ಅದೇ ಅಚ್ಚು ನಡೆಯಿತು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದ್ದರಿಂದ, ಮಿಷನ್ನಿನ ಹೆಸರಿರುವ ಹಂಚು ಅದಕ್ಕಿಂತ ಹಿಂದಿನದಿರಬೇಕು ಎಂದಷ್ಟೇ ಪುಸ್ತಕದಲ್ಲಿ ಬರೆದಿದ್ದೇವೆ. ಮನೆ ಕಟ್ಟಿದ ಕಾಲವನ್ನು ಹಂಚು ಹೇಳುವುದಿಲ್ಲ. ಹಂಚು ಮನೆಯಿಂದ ಮನೆಗೆ ಹೋಗುವ ವಸ್ತು.

ಅಕ್ಕಿಮುಡಿಯನ್ನು ಇಡಲು ಹೋಗಿ ಎರಡು ಬಾರಿ ಸೋತೆವು. ಬೈಹುಲ್ಲನ್ನು ಹರಡಿ, ಅಕ್ಕಿ ಸುರಿದು, ಹುಲ್ಲಿನದೇ ಹಗ್ಗದಿಂದ ಸುತ್ತಿ ಬಿಗಿದು, ಮರದ ಬಡಿಗೆಯಿಂದ ಬಡಿದು ಗುಂಡಗೆ ಮಾಡುವ ಈ ಮುಡಿಯಲ್ಲಿ ಮೂರು ಕಳಸಿಗೆ, ಅಂದರೆ 42 ಸೇರು ಅಕ್ಕಿ ಹಿಡಿಯುತ್ತದೆ. ಬಳಕೆಯ ಮನೆಯಲ್ಲಿ ಅಡುಗೆ ಒಲೆಯ ಹೊಗೆ ಅದನ್ನು ಕಾಯುತ್ತಿತ್ತು. ನಮ್ಮ ಕೋಣೆಯಲ್ಲಿ ಒಲೆಯಿಲ್ಲ, ಹೊಗೆಯಿಲ್ಲ. ಮೊದಲನೆಯದಕ್ಕೆ ಹುಳ ಬಿತ್ತು, ಎರಡನೆಯದನ್ನು ಇಲಿ ಕೊರೆಯಿತು. ಈಗ ಪ್ರತಿ ವರ್ಷ ಕೊಯ್ಲಿನ ನಂತರ, ಕಟ್ಟಲು ಬಲ್ಲ ಹಿರಿಯರೊಬ್ಬರು ಅಂಗಳದಲ್ಲಿ ಕುಳಿತು ಹೊಸ ಮುಡಿ ಕಟ್ಟುತ್ತಾರೆ. ಹುಡುಗರು ಪಕ್ಕದಲ್ಲಿ ಕುಳಿತು ಚಿಕ್ಕದೊಂದನ್ನು ಕಟ್ಟುತ್ತಾರೆ, ಅದು ಸಾಮಾನ್ಯವಾಗಿ ಬಿಚ್ಚಿಕೊಳ್ಳುತ್ತದೆ. ವೀಡಿಯೊ ಮಾಡುವಾಗ ಮುಖಕ್ಕಿಂತ ಬೆರಳುಗಳನ್ನು ಹತ್ತಿರದಿಂದ ಹಿಡಿಯಬೇಕೆಂದು ನಮಗೆ ಹೊಳೆದದ್ದು ಮೂರನೆಯ ವರ್ಷ. ಹಳೆಯ ಮುಡಿಯ ಅಕ್ಕಿ ಊಟಕ್ಕೆ ಹೋಗುತ್ತದೆ.

ಕೆಲವನ್ನು ಬೇಕೆಂದೇ ಸಂಗ್ರಹಿಸಿಲ್ಲ. ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನದವರು ಯಕ್ಷಗಾನದ ಸೂತ್ರದ ಗೊಂಬೆಯಾಟವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಹಳೆಯ ಗೊಂಬೆಯೊಂದನ್ನು ಗಾಜಿನೊಳಗೆ ಇಡೋಣವೆಂದು ನಮ್ಮಲ್ಲೊಬ್ಬರು ಸೂಚಿಸಿದಾಗ, ಕುಣಿಯುವ ಗೊಂಬೆ ದೋಣಿ ದೂರದಲ್ಲೇ ಇರುವಾಗ ಕುಣಿಯದ ಗೊಂಬೆ ನಮಗೇಕೆ ಎಂದು ಬೇಡವೆಂದೆವು.

ನಮ್ಮ ನಿಜವಾದ ಶತ್ರು ಹವೆ. ಮಳೆಗಾಲದ ನಾಲ್ಕು ತಿಂಗಳು ಗೋಡೆ ಬೆವರುತ್ತದೆ, ಉಳಿದ ಕಾಲ ಉಪ್ಪುಗಾಳಿ. ಕಪಾಟುಗಳನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟದ್ದರಿಂದ ಆದ ಉಪಕಾರ, ದುಡ್ಡು ಕೊಟ್ಟು ತಂದ ಯಾವ ಔಷಧಿಯಿಂದಲೂ ಆಗಲಿಲ್ಲ. ಹಳೆಯ ದೋಣಿಯೊಂದನ್ನು ಒಣಗಲೆಂದು ಬಿಸಿಲಿಗಿಟ್ಟು ಸೀಳಿಸಿಕೊಂಡವರೂ ನಾವೇ. ಅದನ್ನು ನೆರಳಿನಲ್ಲಿ ನಿಧಾನವಾಗಿ ಆರಿಸಬೇಕಿತ್ತು.

ಪುಸ್ತಕದ ಬಲಬದಿಯಲ್ಲಿ ತಿದ್ದುಪಡಿಗೆಂದು ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದೇವೆ. ಮೂರು ಸೇರುಗಳಲ್ಲಿ ಚಿಕ್ಕದರ ಮುಂದೆ, ಊಹೆಯಿಂದ, "ಗೇಣಿಯ ಲೆಕ್ಕದ ಸೇರು ಇರಬಹುದು" ಎಂದು ನಾನು ಬರೆದಿದ್ದೆ. ಕಳೆದ ವರ್ಷ ಮೊಮ್ಮಗಳೊಂದಿಗೆ ಬಂದ ಅಜ್ಜಿಯೊಬ್ಬರು ಅದನ್ನು ಎತ್ತಿ, ಒಳಗೆ ಕೈಯಾಡಿಸಿ, ಬಾಯಂಚಿನ ತಗ್ಗನ್ನು ಹೆಬ್ಬೆರಳಿನಿಂದ ಹುಡುಕಿ ಹೇಳಿದರು: "ಇದ್ ಗೇಣಿ ಸೇರಲ್ಲ ಮಾಷ್ಟ್ರೆ, ಕೂಲಿ ಸೇರ್. ಇದ್ರಂಗೆ ಅಳ್ದ್ ನಂಗೆ ಎಷ್ಟ್ ಸಲ ಕೊಟ್ಟಿರ್." ಯಾವ ಮನೆಯದೆಂಬುದನ್ನೂ ಹೇಳಿದರು. ನನ್ನ ಸಾಲನ್ನು ಹೊಡೆದುಹಾಕದೆ, ಅದರ ಬಲಕ್ಕೆ ಅವರ ಮಾತನ್ನು ದಿನಾಂಕದೊಂದಿಗೆ ಬರೆದು, ಕೆಳಗೆ ಅವರ ಹೆಬ್ಬೆಟ್ಟು ಹಾಕಿಸಿಕೊಂಡೆ.