ದಾವಣಗೆರೆಯ ಬಿಸಿಲಿನಲ್ಲಿ ಓಡಿದ ಮರದ ಗಡಿಯಾರ

ನಮ್ಮ ಮನೆಯ ನಡುಮನೆಯಲ್ಲಿ ತೂಗುಹಾಕಿರುವ ಪ್ಲೈವುಡ್ ಗಡಿಯಾರ ಈಗ ಒಮ್ಮೆ ತೂಕ ಏರಿಸಿ ಬಿಟ್ಟರೆ ಐದಾರು ಗಂಟೆ ನಿಲ್ಲದೆ ಓಡುತ್ತದೆ. ಏಪ್ರಿಲ್‌ನಲ್ಲೂ ಓಡಿದೆ, ಜುಲೈ ಜಡಿಮಳೆಯಲ್ಲೂ ಓಡಿದೆ. ಇದನ್ನು ಬರೆಯಲು ಕಾರಣ, ಮರದ ಬಿಡಿಭಾಗಗಳ ಕಿಟ್ ಕೊಂಡು ಓಡುವ ಮಾದರಿ ಜೋಡಿಸುವ ಈ ಹವ್ಯಾಸದ ಗೆಳೆಯರಲ್ಲಿ ಹೆಚ್ಚಿನವರು ಇದು ಆಗುವುದಿಲ್ಲ ಎಂದೇ ಹೇಳಿದ್ದರು. "ಲೇಸರ್‌ನಲ್ಲಿ ಕತ್ತರಿಸಿದ ಮರದ ಗೇರ್ ಪ್ರದರ್ಶನಕ್ಕೆ ಸರಿ, ದಿನಾ ಓಡಿಸಲು ಅಲ್ಲ. ಅದೂ ನಿಮ್ಮ ಊರಿನ ಒಣಹವೆಯಲ್ಲಿ!" ಎಂದು ಬೆಂಗಳೂರಿನ ಒಬ್ಬರು ಖಡಾಖಂಡಿತವಾಗಿ ಹೇಳಿದರು. ಹೋದ ವರ್ಷ ಅವರೇ ಬಂದು ಅರ್ಧ ದಿನ ಕುಳಿತು ನೋಡಿ ಹೋದರು.

ಕಿಟ್ ಜೋಡಿಸುವುದು ಹೇಗೆ ಎಂದು ನಾನು ಇಲ್ಲಿ ಹೇಳಲು ಹೋಗುವುದಿಲ್ಲ. ಉಕ್ರೇನಿನ ಯುಗೇರ್ಸ್ ಕಂಪನಿ 2014ರಲ್ಲಿ ಶುರುವಾದ ಮೇಲೆ ಇಂಥ ಕಿಟ್‌ಗಳು ಎಲ್ಲ ಕಡೆ ಬಂದಿವೆ, ಚೀನಾದ ರೋಕರ್ ಕಿಟ್‌ಗಳನ್ನು ಶಾಲೆಯ ಮಕ್ಕಳೂ ಜೋಡಿಸುತ್ತಾರೆ. ಕಾರು, ಟ್ರ್ಯಾಕ್ಟರ್, ಗೋಲಿ ಉರುಳುವ ಮಾದರಿ ಇವೆಲ್ಲ ಸ್ವಲ್ಪ ಬಿಗಿಯಾಗಿದ್ದರೂ ಓಡುತ್ತವೆ. ರಬ್ಬರ್ ಬ್ಯಾಂಡಿನ ಬಲ ಸಾಕಷ್ಟಿರುತ್ತದೆ, ಕೈಯಿಂದ ತಿರುಗಿಸುವುದಾದರೆ ಕೇಳುವುದೇ ಬೇಡ. ಲೋಲಕದ ಗಡಿಯಾರದ ಮಾತು ಬೇರೆ. ಅಲ್ಲಿ ತೂಕದಿಂದ ಎಸ್ಕೇಪ್‌ಮೆಂಟ್‌ವರೆಗೆ (ಲೋಲಕದ ತೂಗಾಟಕ್ಕೆ ತಕ್ಕಂತೆ ಎಸ್ಕೇಪ್ ಚಕ್ರದ ಒಂದೊಂದೇ ಹಲ್ಲನ್ನು ಬಿಡುವ ಭಾಗ) ಬಲ ಹರಿದುಬರುವ ಪ್ರತಿ ಹಲ್ಲಿನಲ್ಲೂ ಸೋರಿಕೆ. ಒಂದೇ ಒಂದು ಹಲ್ಲು ತಡೆದರೂ ಲೋಲಕ ಸಾಯುತ್ತದೆ.

ಮೊದಲ ಗಡಿಯಾರದ ಕಿಟ್‌ಗೆ ನಾಲ್ಕೂವರೆ ಸಾವಿರದ ಹತ್ತಿರ ಕೊಟ್ಟೆ. ಜೋಡಿಸಿ ಮುಗಿದಾಗ ಹತ್ತು ನಿಮಿಷವೂ ಓಡಲಿಲ್ಲ. ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ಹಲ್ಲುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಸುಟ್ಟ ಕಪ್ಪು ಅಂಚನ್ನು ತೆಗೆಯಿರಿ, ನುಣುಪಾಗುತ್ತದೆ. 400ರ ಕಾಗದದಿಂದ ಶುರುಮಾಡಿ ಇನ್ನೂ ನುಣುಪಾದ 1000ದವರೆಗೆ ಪ್ರತಿ ಹಲ್ಲನ್ನೂ ಉಜ್ಜಿದ್ದಾಯಿತು. ಗಡಿಯಾರ ಮೊದಲಿಗಿಂತ ಕೆಟ್ಟದಾಗಿ ಓಡಿತು. ಕಪ್ಪು ಪದರದ ಕೆಳಗೆ ಇರುವುದು ಮೆತ್ತನೆಯ ಎಳೆ. ಅದು ಎದ್ದು ನಿಂತು ಇನ್ನೊಂದು ಹಲ್ಲನ್ನು ಹಿಡಿಯುತ್ತದೆ. ಅದಕ್ಕಿಂತ ಮುಖ್ಯ, ಕೈಯಿಂದ ಉಜ್ಜಿದಾಗ ಒಂದು ಹಲ್ಲು ದಪ್ಪ, ಇನ್ನೊಂದು ಸಣಕಲು. ಲೇಸರ್ ಕೊಟ್ಟಿದ್ದ ಒಂದೇ ಸಮನಾದ ಅಳತೆ ಹೋಗಿಯೇಬಿಡುತ್ತದೆ. ಆ ಕಿಟ್ಟಿನ ಗೇರ್‌ಗಳು ಅಲ್ಲಿಗೆ ಮುಗಿದವು. ಬಿಡಿಭಾಗಕ್ಕಾಗಿ ಮಾರಿದವರಿಗೆ ಬರೆದೆ, ಉತ್ತರವಿಲ್ಲ.

ಊರಿನಲ್ಲೇ ಗೇರ್ ಕತ್ತರಿಸಿಕೊಳ್ಳೋಣ ಎಂದುಕೊಂಡೆ. ನಾಮಫಲಕ ಮಾಡುವವರ ಹತ್ತಿರ ಲೇಸರ್ ಯಂತ್ರ ಇರುತ್ತದೆ, ನಿಮಿಷಕ್ಕೆ ಹತ್ತು-ಹದಿನೈದು ರೂಪಾಯಿ ಲೆಕ್ಕ. ಹಾರ್ಡ್‌ವೇರ್ ಅಂಗಡಿಯ 3 ಮಿ.ಮೀ. ಪ್ಲೈವುಡ್ ತಂದು ದಪ್ಪ ಅಳೆಯುವ ವರ್ನಿಯರ್ ಮಾಪಕ ಹಿಡಿದರೆ ಒಂದು ಮೂಲೆಯಲ್ಲಿ 2.7, ಇನ್ನೊಂದು ಮೂಲೆಯಲ್ಲಿ 3ಕ್ಕೂ ಮೇಲೆ. ಒಳಪದರದಲ್ಲಿ ಖಾಲಿ ಜಾಗ, ಅಲ್ಲಲ್ಲಿ ಗಟ್ಟಿ ಅಂಟಿನ ಗಂಟು. ಗಂಟು ಇದ್ದಲ್ಲಿ ಲೇಸರ್ ಪೂರ್ತಿ ಇಳಿಯುವುದಿಲ್ಲ. ಎರಡನೇ ಸಲ ಅದೇ ಗೆರೆಯ ಮೇಲೆ ಓಡಿಸಿದರೆ ಅಕ್ಕಪಕ್ಕ ಸುಟ್ಟು ಹಲ್ಲು ಮೊಂಡಾಗುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಚೆನ್ನಾಗಿ ಕತ್ತರಿಸಿತು, ಆದರೆ ಅಚ್ಚಿನ, ಅಂದರೆ ಗೇರ್ ತಿರುಗುವ ಕಂಬಿಯ, ರಂಧ್ರ ಒಂದೇ ವಾರದಲ್ಲಿ ಪುಡಿಪುಡಿ. ಇಷ್ಟಕ್ಕೇ ಎರಡು ಸಾವಿರ ದಾಟಿತು. ಕೊನೆಗೆ ತರಿಸಿಕೊಂಡ ಬರ್ಚ್ ಮರದ ಪ್ಲೈವುಡ್ ದುಬಾರಿಯಾದರೂ ಕೊಟ್ಟ ಹಣಕ್ಕೆ ಮೋಸವಿಲ್ಲ.

ಮಧ್ಯೆ ತೇಗದ ಹುಚ್ಚು ಹಿಡಿಯಿತು. ನಿಟುವಳ್ಳಿಯ ಬಡಗಿಯೊಬ್ಬರು ತೆಳ್ಳಗೆ ಸೀಳಿಕೊಟ್ಟ ತೇಗದ ಹಲಗೆಯಲ್ಲಿ ಒಂದು ದೊಡ್ಡ ಚಕ್ರ ಕತ್ತರಿಸಿದೆ. ನೋಡಲು ಕಣ್ಣು ತುಂಬುವಂತಿತ್ತು. ಆದರೆ ಎಳೆಯ ಉದ್ದಕ್ಕೆ ಇರುವ ಹಲ್ಲು ಗಟ್ಟಿ, ಎಳೆಗೆ ಅಡ್ಡವಾಗಿರುವ ಹಲ್ಲು ಉಗುರು ತಾಗಿದರೂ ಮುರಿಯುತ್ತದೆ. ಇಂಗ್ಲೆಂಡಿನ ಜಾನ್ ಹ್ಯಾರಿಸನ್ 1710ರ ದಶಕದಲ್ಲೇ ಮರದ ಗಡಿಯಾರ ಮಾಡಿದವನು, ಮೂಲತಃ ಬಡಗಿ. ಪ್ರತಿ ಹಲ್ಲಿನಲ್ಲೂ ಎಳೆ ಕೇಂದ್ರದಿಂದ ಹೊರಕ್ಕೆ ಹೋಗುವಂತೆ ತುಂಡು ತುಂಡಾಗಿ ಹಲ್ಲುಗಳನ್ನು ಕೂರಿಸುತ್ತಿದ್ದ. ಎಣ್ಣೆಯೇ ಬೇಡವಾಗಲಿ ಎಂದು ಸ್ವತಃ ಜಿಡ್ಡಿರುವ ಲಿಗ್ನಮ್ ವೈಟೆ ಮರವನ್ನು ತಿರುಗುವ ಭಾಗಗಳಿಗೆ ಬಳಸಿದ. ಆ ತಾಳ್ಮೆ ನನಗೆ ಇನ್ನೂ ಬಂದಿಲ್ಲ, ತೇಗದ ಚಕ್ರ ಗೋಡೆಯ ಮೇಲಿದೆ.

ದಾರಿ ತೋರಿಸಿದವರು ಹರಿಹರದ ಹಿರಿಯರೊಬ್ಬರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ತಯಾರಿಸುತ್ತಿದ್ದ ಕಾಲದಲ್ಲಿ ಅಲ್ಲಿ ದುಡಿದವರು. ನನ್ನ ಗೇರ್‌ಗಳನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಕಾಗದದಲ್ಲಿ ಯಾಕಪ್ಪ ಉಜ್ಜುತ್ತೀಯ? ಹಲ್ಲಿಗೆ ಹಲ್ಲೇ ಉಜ್ಜಲಿ ಬಿಡು. ಯಾವ ಗೇರ್ ಜೊತೆ ಬಾಳಬೇಕೋ ಅದರ ಜೊತೆಗೇ ಪಳಗಬೇಕು" ಎಂದರು. ನಮ್ಮ ಗೆಳೆಯರ ಗುಂಪಿನಲ್ಲಿ ಈ ಮಾತು ಹೇಳಿದಾಗ ಯಾರೂ ಒಪ್ಪಲಿಲ್ಲ. ಲೋಹಕ್ಕೆ ಸರಿ, ಮರ ಸವೆದು ಹೋಗುತ್ತದೆ ಎಂದರು. ಸವೆಯುವುದು ನಿಜ. ಆದರೆ ತಡೆಯುವ ಜಾಗ ಮಾತ್ರ ಸವೆಯುತ್ತದೆ, ತಡೆಯದ ಜಾಗ ಹಾಗೆಯೇ ಉಳಿಯುತ್ತದೆ. ಉಪ್ಪುಕಾಗದಕ್ಕೆ ಈ ವಿವೇಕ ಇಲ್ಲ.

ನಾನು ಮಾಡಿಕೊಂಡ ವ್ಯವಸ್ಥೆ ಸರಳ. 12 ವೋಲ್ಟಿನ, ನಿಮಿಷಕ್ಕೆ 60 ಸುತ್ತಿನ ಗೇರ್ ಮೋಟಾರ್, ಇನ್ನೂರು ರೂಪಾಯಿ ಆಸುಪಾಸು. ಹಳೆಯ ಮೋಡೆಮ್ಮಿನ ಅಡಾಪ್ಟರ್. ಒಂದು ಹಲಗೆಯ ಮೇಲೆ ಎರಡು ಅಚ್ಚು, ಅವುಗಳ ನಡುವಿನ ಅಂತರ ಕಿಟ್ಟಿನ ಚೌಕಟ್ಟಿನಲ್ಲಿ ಇರುವಷ್ಟೇ, ಎಳ್ಳಷ್ಟೂ ಹೆಚ್ಚು ಕಡಿಮೆ ಇಲ್ಲ. ಮೋಟಾರನ್ನು ಅರ್ಧ ವೋಲ್ಟೇಜಿನಲ್ಲಿ ನಿಧಾನವಾಗಿ ಬಿಡುತ್ತೇನೆ. ಎರಡನೇ ಗೇರ್‌ಗೆ ದಾರ ಸುತ್ತಿ ಒಂದು ಸಣ್ಣ ನಟ್ ತೂಗುಬಿಟ್ಟು ಹಗುರ ತಡೆ ಕೊಡುತ್ತೇನೆ, ಇಲ್ಲದಿದ್ದರೆ ಹಲ್ಲುಗಳು ಒಂದನ್ನೊಂದು ಒತ್ತುವುದೇ ಇಲ್ಲ. ಮೊದಲ ಅರ್ಧ ಗಂಟೆ ಕರಕರ ಸದ್ದು, ಕೆಳಗೆ ಹಾಸಿದ ಬಿಳಿ ಕಾಗದದ ಮೇಲೆ ಕಾಡಿಗೆಯಂಥ ಪುಡಿ. ಅದನ್ನು ಬಣ್ಣದ ಕುಂಚದಿಂದ ಗುಡಿಸಿ ಮತ್ತೆ ಬಿಡಬೇಕು. ರಾತ್ರಿಯಿಡೀ ಓಡಿದ ಮೇಲೆ ಬೆಳಿಗ್ಗೆ ನೋಡಿದರೆ ಪ್ರತಿ ಹಲ್ಲಿನ ಬದಿಯಲ್ಲಿ ಸೀಸದ ಕಡ್ಡಿಯ ಹೊಳಪಿನ ಒಂದು ಪಟ್ಟಿ. ಅಲ್ಲಿ ಬೆರಳಿಟ್ಟರೆ ಗಾಜು ಮುಟ್ಟಿದಂತೆ ಜಾರುತ್ತದೆ. ಮೋಟಾರಿಗೆ ಹಾಕುವ ಮೊದಲು ಸ್ವೆಟರ್ ಹೆಣೆಯುವ ಉಕ್ಕಿನ ಕಡ್ಡಿಯಿಂದ ಪ್ರತಿ ಹಲ್ಲಿನ ಬದಿಯನ್ನು ಒತ್ತಿ ಸವರುವುದೂ ಉಂಟು. ಏನನ್ನೂ ಕೆರೆಯುವುದಿಲ್ಲ, ಎಳೆ ಮಲಗುತ್ತದೆ ಅಷ್ಟೇ. ಪಳಗಿದ ಜೋಡಿಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಚೌಕಟ್ಟಿನಲ್ಲಿ ಕೂರಿಸುವಾಗ ಅದೇ ಹಲ್ಲಿಗೆ ಅದೇ ಹಲ್ಲು ಬರುವಂತೆ ನೋಡಿಕೊಳ್ಳುತ್ತೇನೆ.

ಇನ್ನೊಂದು ಸಂಗತಿ ನಾನೇ ಕಂಡುಕೊಂಡದ್ದು. ಲೇಸರ್ ಕತ್ತರಿಸಿದ ಅಂಚು ನೆಟ್ಟಗೆ ಇರುವುದಿಲ್ಲ, ಮೇಲಿನಿಂದ ಕೆಳಗೆ ತುಸು ಓರೆ. ಎರಡು ಗೇರ್‌ಗಳೂ ಒಂದೇ ಮುಖ ಮೇಲಾಗಿ ಕೂತರೆ ಎರಡರ ಅಗಲದ ಅಂಚುಗಳು ಮಾತ್ರ ತಾಗುತ್ತವೆ. ಒಂದನ್ನು ಮಗುಚಿ ಹಾಕಿದರೆ ಓರೆಗೆ ಓರೆ ಕೂಡಿ ಇಡೀ ದಪ್ಪಕ್ಕೆ ತಾಗುತ್ತದೆ. ಕೆತ್ತನೆ ಇರುವ ಮುಖ ಹಿಂದಕ್ಕೆ ಹೋಗಿ ಅಂದ ಕೆಡುತ್ತದೆ ಎಂದು ಕೆಲವರು ಗೊಣಗುತ್ತಾರೆ. ನನಗೆ ಓಟ ಮುಖ್ಯ. ಎಸ್ಕೇಪ್ ಚಕ್ರವನ್ನು ಮಾತ್ರ ಹೀಗೆ ಮಗುಚಲು ಬರುವುದಿಲ್ಲ, ಅದರ ಹಲ್ಲು ಒಂದೇ ಕಡೆಗೆ ಬಾಗಿದೆ.

ಮೇಣದ ವಿಷಯದಲ್ಲಿ ಬಹಳ ಅಲೆದೆ. ಕೊಬ್ಬರಿ ಎಣ್ಣೆ ಮರದೊಳಗೆ ಇಳಿದು ಅಂಚನ್ನು ಮೆತ್ತಗೆ ಮಾಡುತ್ತದೆ, ಅದರ ಹತ್ತಿರವೂ ಹೋಗಬೇಡಿ. ಮುಖಕ್ಕೆ ಹಾಕುವ ಪೌಡರ್ ಒಂದು ದಿನದ ಸುಖ. ಗ್ರಂಥಿಗೆ ಅಂಗಡಿಯ ಶುದ್ಧ ಜೇನುಮೇಣ ವಾಸನೆಗೆ ಚೆನ್ನ, ಆದರೆ ಅಂಟುತ್ತದೆ, ನಮ್ಮ ಊರಿನ ದೂಳನ್ನೆಲ್ಲ ಹಿಡಿಯುತ್ತದೆ. ಬರಿಯ ಮೇಣದಬತ್ತಿ ಚಳಿಗಾಲದಲ್ಲಿ ಸರಿ. ಏಪ್ರಿಲ್‌ನಲ್ಲಿ ಉಷ್ಣತೆ 40 ಡಿಗ್ರಿಯ ಹತ್ತಿರ ಹೋದಾಗ ಮೆತ್ತಗಾಗಿ ಹಲ್ಲಿನ ಬುಡಕ್ಕೆ ಸರಿದು ಗುಡ್ಡೆಯಾಗುತ್ತದೆ. ಈಗ ಬಳಸುತ್ತಿರುವುದು ಮೇಣದಬತ್ತಿ, ಸ್ವಲ್ಪ ಜೇನುಮೇಣ, 6ಬಿ ಪೆನ್ಸಿಲಿನ ಸೀಸದ ಪುಡಿ ಸೇರಿದ ಮಿಶ್ರಣ. ಎಷ್ಟಕ್ಕೆ ಎಷ್ಟು ಎಂಬುದನ್ನು ಬರೆಯುವುದಿಲ್ಲ, ಅದಕ್ಕೆ ಒಂದು ಬೇಸಿಗೆಯೇ ಹೋಗಿದೆ. ಹಚ್ಚುವಾಗ ಹೇರ್ ಡ್ರೈಯರ್‌ನಿಂದ ಬಿಸಿ ಕೊಟ್ಟು, ತಣಿದ ಮೇಲೆ ಹಳೆಯ ಹತ್ತಿ ಪಂಚೆಯಿಂದ ಒರೆಸಿ ತೆಗೆಯಬೇಕು. ಕಣ್ಣಿಗೆ ಕಾಣುವಷ್ಟು ಮೇಣ ಉಳಿದರೆ ಅದು ಹೆಚ್ಚು. ಅಚ್ಚುಗಳಿಗೆ ಸುಮಾರು 2 ಮಿ.ಮೀ.ನ ಸೈಕಲ್ ಸ್ಪೋಕ್ ಹಾಕಿದ್ದೇನೆ. ರಂಧ್ರದೊಳಗೆ ಏನು ಕೂರಿಸಿದ್ದೇನೆ ಎಂಬುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಹವೆಯ ಬಗ್ಗೆ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಪೊಟ್ಟಣ ಒಡೆದ ದಿನವೇ ಜೋಡಿಸಿದರೆ ಹಲಗೆಗಳು ಆಮೇಲೆ ಬಾಗುತ್ತವೆ. ನಾನು ಹಲಗೆಗಳನ್ನು ಬಿಚ್ಚಿ, ನಡುವೆ ಕಡ್ಡಿ ಇಟ್ಟು, ಮೇಲೆ ಕಡಪ ಕಲ್ಲು ಹೇರಿ ಎರಡು ತಿಂಗಳಾದರೂ ಬಿಡುತ್ತೇನೆ. ಬೇಸಿಗೆಯ ಕೊನೆಗೆ ಇಟ್ಟು ಮೊದಲ ಮಳೆ ಕಳೆದ ಮೇಲೆ ತೆಗೆದರೆ ಇನ್ನೂ ಒಳ್ಳೆಯದು. ಪ್ಲೈವುಡ್ ಉದ್ದಗಲಕ್ಕಿಂತ ದಪ್ಪದಲ್ಲಿ ಹೆಚ್ಚು ಉಬ್ಬುತ್ತದೆ. ಹಾಗಾಗಿ ಗೇರ್ ಮತ್ತು ಚೌಕಟ್ಟಿನ ನಡುವೆ ಒಂದು ಅಂಚೆಕಾರ್ಡಿನಷ್ಟು ಸಂದು ಬಿಟ್ಟೇ ಬಿಗಿಯುತ್ತೇನೆ.

ಘರ್ಷಣೆ ಎಷ್ಟು ಇಳಿಯಿತು ಎಂದು ಅಳೆಯಲು ತೂಕದ ಜಾಗದಲ್ಲಿ ಒಂದು ಲೀಟರಿನ ನೀರಿನ ಬಾಟಲಿ ತೂಗುಹಾಕಿದೆ. ಗಡಿಯಾರ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ನೀರು ತೆಗೆಯುತ್ತ ಹೋಗುವುದು, ಲೋಲಕ ಬಳಲಲು ಶುರುವಾದಲ್ಲಿ ಗೆರೆ ಎಳೆಯುವುದು. ಆಮೇಲೆ ಕೊಂಡ ಎರಡನೇ ಕಿಟ್ಟನ್ನು ಪಳಗಿಸುವ ಮೊದಲು ಬಾಟಲಿ ತುಂಬಿ, ಮೇಲೆ ಒಂದಿಷ್ಟು ಕಲ್ಲೂ ಕಟ್ಟಬೇಕಾಗಿತ್ತು. ಮೋಟಾರ್ ಓಟದ ನಂತರ ಮುಕ್ಕಾಲು ಬಾಟಲಿಗೆ ಇಳಿಯಿತು. ಗೇರ್ ಮಗುಚಿ, ಮೇಣ ಬದಲಿಸಿದ ಮೇಲೆ ಆರುನೂರು ಮಿ.ಲೀ. ಸುತ್ತಮುತ್ತ ನಿಂತಿದೆ. ಬಾಟಲಿಯ ಮೇಲಿನ ಆ ಗೆರೆಗಳನ್ನು ತೋರಿಸಿದ ಮೇಲೆ ಬೆಂಗಳೂರಿನವರು ಸುಮ್ಮನಾದರು.

ರಬ್ಬರ್ ಬಗ್ಗೆ ಒಂದು ಮಾತು, ಏಕೆಂದರೆ ಕಾರಿನ ಕಿಟ್ ಇರುವವರು ಕೇಳುತ್ತಲೇ ಇರುತ್ತಾರೆ. ನಮ್ಮ ಸೆಕೆಗೆ ಎಳೆದು ಬಿಟ್ಟ ಬ್ಯಾಂಡ್ ಬೇಗ ಸಾಯುತ್ತದೆ. ಸೈಕಲ್ ಟ್ಯೂಬನ್ನು ಉಂಗುರವಾಗಿ ಕತ್ತರಿಸಿ ನೋಡಿದೆ, ಬಾಳಿಕೆ ಬಂತು, ಚುರುಕು ಬರಲಿಲ್ಲ. ಬ್ಯುಟೈಲ್ ರಬ್ಬರ್ ಎಳೆದಷ್ಟು ಬಲವನ್ನು ಹಿಂದಿರುಗಿಸುವುದಿಲ್ಲ. ಸೈಕಲ್ಲಿನ ತೆಳು ವಾಲ್ವ್ ಟ್ಯೂಬ್ ಪರವಾಗಿಲ್ಲ, ಗಂಟು ಜಾರದಂತೆ ನೋಡಿಕೊಂಡರೆ ಸಾಕು. ಆಟ ಮುಗಿದ ಮೇಲೆ ಬ್ಯಾಂಡ್ ಬಿಚ್ಚಿ ಪೌಡರ್ ಹಾಕಿದ ಡಬ್ಬಿಯಲ್ಲಿ ಕತ್ತಲಲ್ಲಿ ಇಡಿ.

ಸಮಯ ಹೊಂದಿಸುವುದು ಕೊನೆಯ ಕೆಲಸ. ನನ್ನ ಲೋಲಕ ಅರ್ಧ ಸೆಕೆಂಡಿನದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಅರ್ಧ ಸೆಕೆಂಡು, ಅಂದರೆ ಉದ್ದ ಸುಮಾರು 25 ಸೆಂ.ಮೀ. ಕಿಟ್ಟಿನಲ್ಲಿ ಬಂದ ಜಾರುವ ತುಂಡು ತೆಗೆದು ಬುಡಕ್ಕೆ ಎಂ4 (4 ಮಿ.ಮೀ. ದಪ್ಪದ) ಬೋಲ್ಟ್ ಕೂರಿಸಿದೆ. ಅದರ ನಟ್ ಒಂದು ಸುತ್ತು ತಿರುಗಿದರೆ ಲೋಲಕ 0.7 ಮಿ.ಮೀ. ಏರುತ್ತದೆ ಅಥವಾ ಇಳಿಯುತ್ತದೆ. ದಿನಕ್ಕೆ ಎರಡು ನಿಮಿಷದಷ್ಟು ವ್ಯತ್ಯಾಸ. ಕಾಲು ಸುತ್ತಿನ ಲೆಕ್ಕದಲ್ಲಿ ಹೋದರೆ ಎಂಥ ಗಡಿಯಾರವನ್ನೂ ದಾರಿಗೆ ತರಬಹುದು.

ಎರಡು ಕಿಟ್, ಬರ್ಚ್ ಹಲಗೆ, ಲೇಸರ್ ಕೂಲಿ, ಹಾಳಾದ ಎಂಡಿಎಫ್ ಎಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಹೋಗಿದೆ. ಈಗ ಹೊಸದಾಗಿ ಶುರುಮಾಡುವವರಿಗೆ ಕಿಟ್ ಬಿಟ್ಟು ಐನೂರು ರೂಪಾಯಿಯಲ್ಲಿ ಈ ಕೆಲಸ ಮುಗಿಯುತ್ತದೆ. ದಾವಣಗೆರೆ, ಹರಿಹರ, ಚಿತ್ರದುರ್ಗದ ಗೆಳೆಯರು ನಿಂತುಹೋದ ಗಡಿಯಾರ ತಂದರೆ ನನ್ನ ಮೋಟಾರ್ ಹಲಗೆಯ ಮೇಲೆ ಎರಡು ರಾತ್ರಿ ಓಡಿಸಿ ಕೊಡುತ್ತೇನೆ. ಹಲ್ಲಿಗೆ ಉಪ್ಪುಕಾಗದ ತಾಗಿರಬಾರದು ಎಂಬುದೊಂದೇ ಷರತ್ತು.