ರಾತ್ರಿಯಿಡೀ ಆಟ, ಸಣ್ಣ ಫೈಲು: ನಾನು ವಿಡಿಯೋ ಕುಗ್ಗಿಸುವ ರೀತಿ

ಶಿರಸಿ, ಸಿದ್ದಾಪುರದ ಕಡೆ ಯಕ್ಷಗಾನ ಶೂಟ್ ಮಾಡುವವರಿಗೆ ನಿಜವಾದ ಕೆಲಸ ಶುರುವಾಗುವುದು ಮಂಗಳ ಹಾಡಿದ ಮೇಲೆ. ನನ್ನ ಕ್ಯಾಮೆರಾ ಸೆಕೆಂಡಿಗೆ 28 ಮೆಗಾಬಿಟ್ ಬರೆಯುತ್ತದೆ. ಗಂಟೆಗೆ ಹನ್ನೆರಡೂವರೆ ಜಿಬಿ ಆಯ್ತು. ಎಂಟು ಗಂಟೆಯ ಆಟ ಅಂದರೆ ನೂರು ಜಿಬಿ. ಮರುದಿನ ಬೆಳಿಗ್ಗೆಯಿಂದಲೇ ಫೋನು: ‘ಆಟ ಹಾಕಿದ್ಯಾ?’ ಊರಲ್ಲಿರುವ ಮಾವನಿಗೆ ಪೆನ್‌ಡ್ರೈವಿನಲ್ಲಿ ಬೇಕು, ಬೆಂಗಳೂರಿನ ಭಾವನಿಗೆ ವಾಟ್ಸಾಪಿನಲ್ಲಿ, ಅಮೆರಿಕದ ಅತ್ತಿಗೆಗೆ ಯೂಟ್ಯೂಬಿನಲ್ಲಿ.

ಸಾಫ್ಟ್‌ವೇರ್ ಯಾವುದು ಅಂತ ತುಂಬ ಜನ ಕೇಳುತ್ತಾರೆ. ಅದು ಸುಲಭದ ಪ್ರಶ್ನೆ. ನಾನು ಬಳಸುವುದು ಹ್ಯಾಂಡ್‌ಬ್ರೇಕ್. ಪುಕ್ಕಟೆ, ವಾಟರ್‌ಮಾರ್ಕ್ ಇಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಫೈಲುಗಳನ್ನು ಸಾಲಾಗಿ ಕ್ಯೂನಲ್ಲಿ ಇಟ್ಟು ಮಲಗಬಹುದು. ದುಡ್ಡು ಕೇಳುವ ಎಷ್ಟೋ ‘ಕಂಪ್ರೆಸರ್’ಗಳ ಒಳಗೆ ಇರುವುದೂ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶವೇ. ಬರೀ ಕತ್ತರಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಬೇಡ, ಅದು ಏನೇ ಮಾಡಿದರೂ ಹೊಸದಾಗಿ ಎನ್‌ಕೋಡ್ ಮಾಡುತ್ತದೆ, ಅಂದರೆ ವಿಡಿಯೋವನ್ನು ಮತ್ತೆ ಕುಗ್ಗಿಸಿ ಬರೆಯುತ್ತದೆ. ಅದಕ್ಕೆ ಲಾಸ್‌ಲೆಸ್‌ಕಟ್ ಇದೆ. ಚಿತ್ರದ ಗುಣಮಟ್ಟ ಮುಟ್ಟದೆ ತುಂಡು ಮಾಡಿಕೊಡುತ್ತದೆ. ಒಂದೇ ತೊಂದರೆ, ಕತ್ತರಿ ಕೀಫ್ರೇಮ್ (ಪೂರ್ತಿ ಚಿತ್ರ ಬರೆದಿಟ್ಟ ಫ್ರೇಮ್) ಇರುವಲ್ಲಿ ಬೀಳುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಒಂದೆರಡು ಸೆಕೆಂಡ್ ಮೊದಲಿಂದ ಹಿಡಿಯಬೇಕು.

ಕಷ್ಟದ ಪ್ರಶ್ನೆ ಫಾರ್ಮ್ಯಾಟ್. ಅಲ್ಲಿ ನನ್ನ ತೀರ್ಮಾನ ಒಂದೇ: ನೋಡುವವರ ಮನೆಯಲ್ಲಿ ಏನಿದೆಯೋ ಅದಕ್ಕೆ ಹೊಂದಬೇಕು. ಚಿತ್ರ ಕುಗ್ಗಿಸುವ ವಿಧಾನಗಳಲ್ಲಿ ಎಚ್.264 ಬಂದದ್ದು 2003ರಲ್ಲಿ. ಎಚ್.265 ಬಂದದ್ದು 2013ರಲ್ಲಿ, ಎವಿ1 2018ರಲ್ಲಿ. ಹೊಸದು ಬಂದಷ್ಟೂ ಅದೇ ಚಿತ್ರ ಕಡಿಮೆ ಜಾಗದಲ್ಲಿ ಕೂರುತ್ತದೆ, ಅದು ನಿಜ. ಎಚ್.265ರಲ್ಲಿ ಒಂದು ಆಟ ಮಾಡಿ ಮಾವನಿಗೆ ಕೊಟ್ಟಾಗ ಅವರು ಹೇಳಿದ್ದು ಇಷ್ಟು: ‘ತಮಾ, ಚಂಡೆ ಕೇಳ್ತು, ವೇಷ ಕಾಣ್ತಿಲ್ಲೆ.’ ಅವರ ಹಳೇ ಟೀವಿಗೆ ಧ್ವನಿಯ ಎಎಸಿ ಗೊತ್ತು, ಚಿತ್ರದ ಎಚ್.265 ಗೊತ್ತಿಲ್ಲ. ಅದಕ್ಕೇ ಹಂಚುವ ಪ್ರತಿ ಯಾವತ್ತೂ ಎಂಪಿ4 ಎಂಬ ಪೆಟ್ಟಿಗೆ (ಚಿತ್ರ, ಧ್ವನಿ ಎರಡನ್ನೂ ಹಿಡಿಯುವ ಫೈಲು), ಒಳಗೆ ಎಚ್.264 ಮತ್ತು ಎಎಸಿ. ಎಂಕೆವಿ ಒಳ್ಳೆಯ ಪೆಟ್ಟಿಗೆಯೇ, ಆದರೆ ಟೀವಿಯಲ್ಲೂ ಫೋನಿನಲ್ಲೂ ಎಂಪಿ4ರಷ್ಟು ಸಲೀಸಾಗಿ ನಡೆಯುವುದಿಲ್ಲ. ಎಚ್.265 ನನ್ನ ಸ್ವಂತ ಸಂಗ್ರಹಕ್ಕೆ. ಎವಿ1 ಕಡೆ ಸದ್ಯ ಹೋಗಿಲ್ಲ, ನನ್ನ ಲ್ಯಾಪ್‌ಟಾಪಿಗೆ ಅದು ಭಾರ.

ಈಗ ಗುಣಮಟ್ಟ. ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್) ಇಷ್ಟೇ ಇರಲಿ ಅಂತ ಕಟ್ಟಿಹಾಕುವುದಕ್ಕಿಂತ ಹ್ಯಾಂಡ್‌ಬ್ರೇಕಿನ ಆರ್‌ಎಫ್ ಎಂಬ ಗುಣಮಟ್ಟದ ಅಂಕಿಯನ್ನು ಹಿಡಿಯುವುದು ಲೇಸು. ಅಂಕಿ ಇಳಿದರೆ ಚಿತ್ರ ಚೆಂದ, ಫೈಲು ದೊಡ್ಡದು. 1080ಪಿ (ಫುಲ್ ಎಚ್‌ಡಿ) ವಿಡಿಯೋಗೆ 20ರಿಂದ 24ರ ನಡುವೆ ಇರಲಿ ಅಂತ ಹ್ಯಾಂಡ್‌ಬ್ರೇಕಿನವರೇ ಹೇಳುತ್ತಾರೆ. ಸುಮಾರು ಆರು ಅಂಕಿ ಏರಿಸಿದರೆ ಫೈಲು ಅರ್ಧಕ್ಕೆ ಬರುತ್ತದೆ. ಇದರ ಮಜಾ ಗೊತ್ತಾಗುವುದು ತಾಳಮದ್ದಳೆಯಲ್ಲಿ. ಅರ್ಥಧಾರಿಗಳು ಕೂತಲ್ಲೇ ಕೂತಿರುತ್ತಾರೆ, ಹಿಂದಿನ ಗೋಡೆ ಅಲ್ಲಾಡುವುದಿಲ್ಲ, ಕೈ, ಮುಖ ಮಾತ್ರ ಬದಲಾಗುತ್ತದೆ. ಎನ್‌ಕೋಡರ್ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಅದೇ ಆರ್‌ಎಫ್ 22, ಅಷ್ಟೇ ಹೊತ್ತಿನ ಕಾರ್ಯಕ್ರಮ, ಫೈಲು ಮಾತ್ರ ಆಟದ ಫೈಲಿನ ಅರ್ಧಕ್ಕಿಂತ ಎಷ್ಟೋ ಕಡಿಮೆ. ಆಟದಲ್ಲಿ ಮಂಡಿ ಕುಣಿತ ಶುರುವಾದರೆ ಕಿರೀಟದ ಮಣಿ, ಸೀರೆಯ ಚೌಕಳಿ, ಕಣ್ಣು ಕುಕ್ಕುವ ದೀಪ ಎಲ್ಲ ಒಟ್ಟಿಗೆ ತಿರುಗುತ್ತದೆ. ಬಿಟ್‌ರೇಟ್ ಕಟ್ಟಿಹಾಕಿದ್ದರೆ ಅಲ್ಲೇ ವೇಷದ ಮೈಯೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ನಾನು ಪ್ರತಿ ಸಲ ಆ ಒಂದು ನಿಮಿಷವನ್ನೇ ಮೊದಲು ಎನ್‌ಕೋಡ್ ಮಾಡಿ ನೋಡುತ್ತೇನೆ. ಅದು ಪಾಸಾದರೆ ಉಳಿದ ಆಟವೆಲ್ಲ ಪಾಸು.

ಜಾಗ ತಿನ್ನುವ ಇನ್ನೊಂದು ಕಳ್ಳ ರಂಗಸ್ಥಳದ ಹಿಂದಿನ ಕತ್ತಲು. ಬೆಳಕು ಸಾಲದೆ ಕ್ಯಾಮೆರಾ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) ಏರಿಸುತ್ತದೆ. ಕತ್ತಲಲ್ಲಿ ರವೆ ಉದುರಿದ ಹಾಗೆ ಕಾಳುಕಾಳು ಕುಣಿಯತೊಡಗುತ್ತದೆ. ಪಾಪದ ಎನ್‌ಕೋಡರ್ ಅದನ್ನೂ ಚಲನೆ ಅಂತ ತಿಳಿದು ಶ್ರದ್ಧೆಯಿಂದ ಬರೆದಿಡುತ್ತದೆ. ಹ್ಯಾಂಡ್‌ಬ್ರೇಕಿನಲ್ಲಿ ಎಚ್‌ಕ್ಯೂಡಿಎನ್3ಡಿ, ಎನ್‌ಎಲ್‌ಮೀನ್ಸ್ ಅಂತ ಈ ಕಾಳು ಅಳಿಸುವ ಎರಡು ಡಿನಾಯ್ಸ್ ಫಿಲ್ಟರ್ ಇವೆ. ಎರಡನೆಯದು ಚೆಂದ, ಆದರೆ ವಿಪರೀತ ನಿಧಾನ. ಮೊದಲನೆಯದನ್ನು ‘ಲೈಟ್’ನಲ್ಲಿ ಇಟ್ಟರೆ ನನಗೆ ಸಾಕು. ಜಾಸ್ತಿ ಹಾಕಿದರೆ ಬಣ್ಣದ ವೇಷದ ಚುಟ್ಟಿ (ಮುಖದ ಮೇಲಿನ ಹಿಟ್ಟಿನ ಚುಕ್ಕೆಗಳು) ಮೇಣದ ಹಾಗೆ ನುಣ್ಣಗಾಗಿಬಿಡುತ್ತದೆ.

ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಕಡಿಮೆ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ನಾನು 50ರಲ್ಲಿ ತೆಗೆದದ್ದನ್ನು 50ರಲ್ಲೇ ಬಿಡುತ್ತೇನೆ. 25ಕ್ಕೆ ಇಳಿಸಿದರೆ ಕುಣಿತದ ಹೆಜ್ಜೆ ತಡವರಿಸಿದಂತೆ ಕಾಣುತ್ತದೆ, ಹೆಜ್ಜೆ ಬಲ್ಲವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಜಾಗ ಉಳಿಸಲೇಬೇಕಾದರೆ 720ಪಿಗೆ ಬನ್ನಿ. ಫೋನಿನಲ್ಲಿ ನೋಡುವವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಧ್ವನಿಯಲ್ಲಿ ಮಾತ್ರ ಜಿಪುಣತನ ಬೇಡ. ಇಡೀ ಫೈಲಿನಲ್ಲಿ ಅದರ ಪಾಲು ಚೂರು, ಆದರೆ ಯಕ್ಷಗಾನವನ್ನು ಅರ್ಧ ಜನ ಅಡುಗೆ ಮಾಡುತ್ತಲೋ ಅಡಿಕೆ ಸುಲಿಯುತ್ತಲೋ ಕೇಳುತ್ತಾರೆ, ಅಲ್ವಾ? ಎಎಸಿ 64 ಕಿಲೋಬಿಟ್‌ಗೆ ಇಳಿಸಿದರೆ ಭಾಗವತರ ತಾಳದ ‘ಣಿಂ’ ಎನ್ನುವ ತುದಿ ನೀರಲ್ಲಿ ಅದ್ದಿದ ಹಾಗೆ ಕೇಳುತ್ತದೆ. ನಾನು 192 ಇಡುತ್ತೇನೆ.

ಮುಟ್ಟಿಸುವ ದಾರಿಗೆ ತಕ್ಕಂತೆ ಪ್ರತಿಯೂ ಬೇರೆ. ಯೂಟ್ಯೂಬ್ ನಾವು ಕೊಟ್ಟದ್ದನ್ನು ತಾನೇ ಮತ್ತೆ ಕುಗ್ಗಿಸುತ್ತದೆ. ಹಾಗಾಗಿ ಅದಕ್ಕೆ ದಪ್ಪ ಪ್ರತಿಯನ್ನೇ ಕೊಡಬೇಕು. 1080ಪಿ, 50 ಫ್ರೇಮಿಗೆ 12 ಮೆಗಾಬಿಟ್ ಇರಲಿ ಅಂತ ಅವರದೇ ಸೂಚನೆ. ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಿದರೆ ಅದೂ ಹಿಂಡುತ್ತದೆ. ‘ಡಾಕ್ಯುಮೆಂಟ್’ ಅಂತ ಕಳಿಸಿದರೆ 2 ಜಿಬಿವರೆಗೆ ಇದ್ದ ಹಾಗೇ ಹೋಗುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟಿನಲ್ಲಿದ್ದರೆ ಒಂದು ಫೈಲು 4 ಜಿಬಿ ದಾಟುವಂತಿಲ್ಲ, ಹಳೇ ಟೀವಿಗಳು ಓದುವುದೂ ಹೆಚ್ಚಾಗಿ ಅದನ್ನೇ. ಅದಕ್ಕೆ ಪ್ರಸಂಗವನ್ನು ಸನ್ನಿವೇಶ ಮುಗಿಯುವಲ್ಲಿ ತುಂಡು ಮಾಡುತ್ತೇನೆ. ಲಿಂಕ್ ಕಳಿಸಿ ಬ್ರೌಸರಿನಲ್ಲೇ ನೋಡುವವರಿಗಾದರೆ ಹ್ಯಾಂಡ್‌ಬ್ರೇಕಿನ ‘ವೆಬ್ ಆಪ್ಟಿಮೈಸ್ಡ್’ಗೆ ಟಿಕ್ ಹಾಕಿ. ಪೂರ್ತಿ ಇಳಿಯುವ ಮೊದಲೇ ಆಟ ಶುರುವಾಗುತ್ತದೆ.

ಕಳಿಸುವ ವೇಗದ ಲೆಕ್ಕ ಮೊದಲೇ ಹಾಕಿ. ಏಳು ಜಿಬಿ ಫೈಲು 10 ಮೆಗಾಬಿಟ್ ಅಪ್‌ಲೋಡಿನಲ್ಲಿ ಒಂದೂವರೆ ತಾಸು. 2 ಮೆಗಾಬಿಟ್ ಸಿಗುವ ಹಳ್ಳಿಯಲ್ಲಿ ಅದೇ ಫೈಲಿಗೆ ಎಂಟು ತಾಸು, ಅಂದರೆ ಇನ್ನೊಂದು ಆಟದಷ್ಟು ಹೊತ್ತು. ಮಳೆಗಾಲದಲ್ಲಿ ಕರೆಂಟು ಅಷ್ಟು ಹೊತ್ತು ನಿಲ್ಲುವುದಿಲ್ಲ. ರೌಟರಿಗೊಂದು ಸಣ್ಣ ಯುಪಿಎಸ್ ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಮೇಳದವರ ಒಪ್ಪಿಗೆ ಸಿಕ್ಕ ಮೇಲೆ. ಮನೆಯವರಿಗೆ ಕೊಡಲು ಒಂದು ಮಾತು ಸಾಕು, ಯೂಟ್ಯೂಬಿಗೆ ಅಂದರೆ ಭಾಗವತರನ್ನೂ ಸಂಘಟಕರನ್ನೂ ಬೇರೆಯಾಗಿ ಕೇಳುತ್ತೇನೆ. ‘ಬೇಡ’ ಅಂದವರ ಆಟ ಹಾಕುವುದಿಲ್ಲ.

ಈಗ ಕೈಯಲ್ಲಿರುವುದು ಹಳೇ ವಿಡಿಯೋ ಕ್ಯಾಮೆರಾದ ಮಿನಿ ಡಿವಿ ಕ್ಯಾಸೆಟ್ಟುಗಳು. ಇವು ಇಂಟರ್‌ಲೇಸ್ಡ್, ಅಂದರೆ ಒಂದೊಂದು ಫ್ರೇಮಿನಲ್ಲಿ ಎರಡು ಕ್ಷಣದ ಗೆರೆಗಳು ಹೆಣೆದಿರುತ್ತವೆ. ಹಾಗೇ ಕುಗ್ಗಿಸಿದರೆ ಕುಣಿತದಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತದೆ. ಅದನ್ನು ಬಿಡಿಸುವ ಹ್ಯಾಂಡ್‌ಬ್ರೇಕಿನ ಡಿಇಂಟರ್‌ಲೇಸನ್ನು ‘ಬಾಬ್’ನಲ್ಲಿ ಇಟ್ಟರೆ ಸೆಕೆಂಡಿಗೆ 50 ಫ್ರೇಮ್ ಸಿಗುತ್ತದೆ, ಹೆಜ್ಜೆ ಸರಿಯಾಗಿ ಬೀಳುತ್ತದೆ. ಕ್ಯಾಸೆಟ್ ಗಂಟೆಗೆ 13 ಜಿಬಿ ಆಗುತ್ತದೆ, ಮೊದಲು ಡಿಸ್ಕ್ ತರಬೇಕು.